ಕೊನೆಯ ಕಲಾಯಿಯವರು ಎಂದು ನಾನು ಬರೆದದ್ದು

ನಾನು ಸೋಶಿಯಲ್ ಮೀಡಿಯಾಕ್ಕೆ ಕಾಲಿಟ್ಟಾಗ ನನಗೆ ನಲವತ್ತೊಂಬತ್ತು ವರ್ಷ. ಆ ಹೊತ್ತಿಗಾಗಲೇ ಮೈಸೂರಿನ ಒಂದು ಕನ್ನಡ ಪತ್ರಿಕೆಯಲ್ಲಿ ವರದಿಗಾರ್ತಿಯಾಗಿ ಇಪ್ಪತ್ತನಾಲ್ಕು ವರ್ಷ ಸವೆಸಿದ್ದೆ. ಕುಡಿಯುವ ನೀರು, ಒಳಚರಂಡಿ, ಮಾರುಕಟ್ಟೆ, ಬೀದಿದೀಪ, ಇವೇ ನನ್ನ ಸುದ್ದಿಗಳು. ದಿನಾ ಬೆಳಿಗ್ಗೆ ನನ್ನ ಹೆಸರು ಊರಿನ ಮನೆಮನೆಯ ಬಾಗಿಲಲ್ಲಿ ಬೀಳುತ್ತಿತ್ತು, ಆದರೆ ನನ್ನ ಮುಖ ಯಾರಿಗೂ ಗೊತ್ತಿರಲಿಲ್ಲ. ಆ ಏರ್ಪಾಡು ನನಗೆ ಬಲು ಹಿತವಾಗಿತ್ತು. ತರಕಾರಿ ಕೊಳ್ಳುವಾಗ ಪಕ್ಕದಲ್ಲಿ ನಿಂತವರು ನನ್ನದೇ ವರದಿಯನ್ನು ಬೈಯುತ್ತಿದ್ದರೆ ನಾನೂ ಹೂಂ ಅಂದು ಬೀನ್ಸ್ ಆರಿಸುತ್ತಿದ್ದೆ.

ಒಂದು ಸೋಮವಾರ ಸಂಪಾದಕರು ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು. "ಜನ ಪೇಪರ್ ಬಿಟ್ಟಿಲ್ಲ ಕಣ್ರೀ. ಆದ್ರೆ ಪೇಪರ್ ಬರೋ ತನಕ ಕಾಯ್ತಾನೂ ಇಲ್ಲ. ಈ ತಿಂಗಳು ಮುಗಿಯೋದ್ರೊಳಗೆ ಎಲ್ಲ ವರದಿಗಾರರೂ ಜಾಲತಾಣದಲ್ಲಿ ಒಂದೊಂದು ಖಾತೆ ತೆಗೀಬೇಕು. ನಮ್ಮಲ್ಲಿ ಬಂದಿದ್ದನ್ನ ಅಲ್ಲಿ ಅಂಟಿಸಿಬಿಟ್ಟರೆ ಸಾಲದು. ಜನರ ಜೊತೆ ಮಾತಾಡಬೇಕು."

ನಾನು ಸುಮ್ಮನಿರಲಾರದೆ ಅಂದೆ, "ಸಾರ್, ದಿನಾ ಜನರ ಜೊತೆ ಮಾತಾಡೋದೇ ನನ್ನ ಕೆಲಸ ಅಲ್ವಾ?"

"ನೀವು ಕೇಳ್ತೀರಿ, ಅವರು ಹೇಳ್ತಾರೆ. ಅವರು ನಿಮ್ಮನ್ನ ಏನಾದ್ರೂ ಕೇಳಿದ್ರೆ ಯಾವತ್ತಾದ್ರೂ ಉತ್ತರ ಕೊಟ್ಟಿದ್ದೀರಾ?"

ಅವರು ಕಟುವಾಗಿ ಹೇಳಲಿಲ್ಲ. ಆದರೂ ಮಾತು ಚುಚ್ಚಿತು. ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯುತ್ತ ಕೂತೆ.

ನಿಜ ಹೇಳಬೇಕೆಂದರೆ ನನಗೆ ಭಯವಿತ್ತು. ಬೇರೊಂದು ಪತ್ರಿಕೆಯಲ್ಲಿದ್ದ ನನ್ನ ಗೆಳತಿಯೊಬ್ಬಳನ್ನು ಜಾಲತಾಣದಲ್ಲಿ ಯಾರುಯಾರೋ ಸೇರಿ ಒಂದು ವಾರ ಪೂರ್ತಿ ಹೀನಾಮಾನವಾಗಿ ಬೈದಿದ್ದನ್ನು ನಾನು ಕಂಡಿದ್ದೆ. ಅವಳು ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ವಾರ ಅವಳು ಊಟ ಬಿಟ್ಟು ಕೂತಿದ್ದಳು. ಇನ್ನು ತಪ್ಪು ಮಾಡುವವರ ಗತಿ ಏನು ಅಂತ ನನ್ನ ಯೋಚನೆ.

ಹೀಗೆ ದಿನ ತಳ್ಳುತ್ತಿದ್ದಾಗ ನೆನಪಿಗೆ ಬಂದವರು ಯಾದವಗಿರಿಯ ಟೀಚರ್. ಅವರು ನನಗೆ ಪಾಠ ಹೇಳಿದವರಲ್ಲ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ನಮ್ಮ ಪತ್ರಿಕೆಗೆ ವರ್ಷಾನುಗಟ್ಟಲೆ ಪತ್ರ ಬರೆದವರು. ಇನ್‌ಲ್ಯಾಂಡ್ ಕಾಗದದಲ್ಲಿ ಗುಂಡುಗುಂಡಾದ ಅಕ್ಷರ. "ತಮ್ಮ ನಿನ್ನೆಯ ವರದಿಯಲ್ಲಿ ಕೆರೆಯ ಹೆಸರು ತಪ್ಪಾಗಿದೆ", "ಗುದ್ದಲಿ ಪೂಜೆ ನೆರವೇರಿಸಿದವರು ಶಾಸಕರು, ಮೇಯರ್ ಅಲ್ಲ" ಎಂದು ಎರಡೇ ಸಾಲು. ಒಂದು ಸಲ ಅವರ ಮನೆಗೇ ಹೋಗಿ ಕ್ಷಮೆ ಕೇಳಿ ಕಾಫಿ ಕುಡಿದು ಬಂದಿದ್ದೆ. ಆಮೇಲೆ ಪರಿಚಯ ಉಳಿಯಿತು. ಆದರೆ ಎರಡು ವರ್ಷದಿಂದ ಪತ್ರಗಳು ನಿಂತುಹೋಗಿದ್ದವು. ಹುಷಾರಾಗಿದ್ದಾರೋ ಇಲ್ಲವೋ ಎಂಬ ಅಳುಕಿನಲ್ಲೇ ಫೋನ್ ಮಾಡಿದೆ.

"ನಾನ್ ಚೆನ್ನಾಗೇ ಇದ್ದೀನಿ ಕಣಮ್ಮ," ಅಂದರು. "ಪತ್ರ ಬರೆದು, ಡಬ್ಬಕ್ಕೆ ಹಾಕಿ, ನೀವು ಅಚ್ಚು ಮಾಡೋವರೆಗೂ ಯಾರು ಕಾಯ್ತಾರೆ? ಈಗ ನಾನು ಜಾಲತಾಣದಲ್ಲೇ ಬರೆಯೋದು. ನಿನ್ನ ತಪ್ಪುಗಳನ್ನೂ ಅಲ್ಲೇ ತಿದ್ದುತಾ ಇದ್ದೀನಿ. ನೀನು ಅಲ್ಲಿಲ್ಲ, ಅದಕ್ಕೇ ನಿನಗೆ ಗೊತ್ತಾಗಿಲ್ಲ!"

ಮಾರನೆಯ ದಿನವೇ ಸ್ಕೂಟರ್ ಹತ್ತಿ ಯಾದವಗಿರಿಗೆ ಹೋದೆ.

ಟೀಚರ್‌ಗೆ ಎಪ್ಪತ್ತೆಂಟು. ತಮ್ಮನ ಸಂಸಾರದ ಜೊತೆ ಇದ್ದರು. ಜಗುಲಿಯಲ್ಲಿ ಬೆತ್ತದ ಕುರ್ಚಿ, ಮಡಿಲಲ್ಲಿ ಸ್ಲೇಟಿನಷ್ಟು ದೊಡ್ಡ ಟ್ಯಾಬ್, ಅದಕ್ಕೆ ಹಳೆಯ ಸೀರೆಯ ಅಂಚಿನಿಂದ ಹೊಲಿದ ಚೀಲ. ನನ್ನ ಫೋನ್ ಇಸಕೊಂಡು ಅರ್ಧ ಗಂಟೆಯಲ್ಲಿ ಖಾತೆ ತೆಗೆಸಿದರು. ಪಾಸ್‌ವರ್ಡ್‌ಗೆ ಗಂಡನ ಹೆಸರು ಹಾಕಿಕೊಳ್ಳಲು ಹೋದಾಗ ಕೈಮೇಲೆ ಮೆಲ್ಲಗೆ ಹೊಡೆದರು. "ಊರಿಗೆಲ್ಲ ಗೊತ್ತಿರೋದನ್ನ ಬೀಗದ ಕೈ ಮಾಡ್ಕೊಳ್ತಾರಾ?" ಅಂದರು. ಆಫೀಸಿನ ಗುರುತಿನ ಚೀಟಿಯಲ್ಲಿದ್ದ ಫೋಟೋವನ್ನೇ ಹಾಕಿದ್ದೆ. ಅದನ್ನು ನೋಡಿ, "ಇದೇನಮ್ಮ, ಕಾಣೆಯಾಗಿದ್ದಾರೆ ಅಂತ ಜಾಹೀರಾತಾ?" ಎಂದು ನಕ್ಕು, ಜಗುಲಿಯ ಬೆಳಕಿನಲ್ಲಿ ನಿಲ್ಲಿಸಿ ತಾವೇ ಒಂದು ತೆಗೆದರು. ಆ ಫೋಟೋ ಈಗಲೂ ಅಲ್ಲಿದೆ.

"ಈಗ ಏನ್ ಬರೀಲಿ ಟೀಚರ್?"

"ಏನೂ ಬೇಡ. ಒಂದು ವಾರ ಬರೀ ಓದು."

"ಸಂಪಾದಕರು ಬೈತಾರೆ."

"ಬೈಲಿ ಬಿಡು. ಹೊಸ ಬೀದಿಗೆ ಮನೆ ಬದಲಾಯಿಸಿಕೊಂಡು ಹೋದರೆ ಮೊದಲನೇ ದಿನವೇ ಬಾಗಿಲಲ್ಲಿ ನಿಂತು ಭಾಷಣ ಮಾಡ್ತೀಯಾ? ಯಾರು ಏನು ಅಂತ ನೋಡ್ಕೊಳಲ್ವಾ?"

ಆ ಒಂದು ವಾರ ನಾನು ಓದಿದೆ. ಇಪ್ಪತ್ತನಾಲ್ಕು ವರ್ಷ ತಿರುಗಿದ ಊರಿನಲ್ಲಿ ನನಗೆ ತಿಳಿಯದ ಎಷ್ಟೊಂದು ಸಂಗತಿಗಳಿವೆ ಎಂದು ಗೊತ್ತಾಯಿತು. ಬನ್ನಿಮಂಟಪದ ಒಂದು ಬಡಾವಣೆಯ ಹೆಂಗಸರು ನಲ್ಲಿಯಲ್ಲಿ ನೀರು ಬಂದ ಹೊತ್ತನ್ನು ದಿನಾ ತಪ್ಪದೆ ಬರೆದಿಡುತ್ತಿದ್ದರು. ಯಾರೋ ಒಬ್ಬರು ತಮ್ಮ ಬೀದಿಯ ಮರಗಳನ್ನೆಲ್ಲ ಎಣಿಸಿ ಹೆಸರು ಹಿಡಿದು ಪಟ್ಟಿ ಮಾಡಿದ್ದರು. ಜಗಳವೂ ಇತ್ತು, ಕೊಳಕು ಮಾತೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ನಾನು ಅಂದುಕೊಂಡಿದ್ದಷ್ಟು ಅಲ್ಲ.

ಎರಡನೆಯ ವಾರ ನನ್ನ ಮೊದಲ ಬರಹ ಹಾಕಿದೆ. ಪತ್ರಿಕೆಯಲ್ಲಿ ಬಂದ ನನ್ನದೇ ವರದಿ, ನೀರಿನ ಪೈಪ್ ಒಡೆದದ್ದು. ಮೆಚ್ಚಿದವರು ಒಂಬತ್ತು ಜನ, ಅದರಲ್ಲಿ ಐವರು ನೆಂಟರು. ಬಂದ ಒಂದೇ ಒಂದು ಪ್ರತಿಕ್ರಿಯೆ ನಮ್ಮ ಚಿಕ್ಕಮ್ಮನದು: "ಫೋಟೋದಲ್ಲಿ ಉಟ್ಟಿರೋ ಸೀರೆ ಎಲ್ಲಿ ತಗೊಂಡೆ ಪುಟ್ಟಿ?" ನಾನು ಅದಕ್ಕೂ ಶ್ರದ್ಧೆಯಿಂದ ಉತ್ತರ ಬರೆದೆ.

ಟೀಚರ್ ಫೋನ್ ಮಾಡಿದರು. "ನೀನು ಹೇಳಿ ಮುಗಿಸಿಬಿಟ್ಟಿದ್ದೀಯ. ಜನ ಇನ್ನೇನು ಹೇಳ್ಬೇಕು? ಏನಾದ್ರೂ ಕೇಳು."

ಹಾಗಾಗಿ ಮಾರನೆಯ ಬೆಳಿಗ್ಗೆ ಒಂದೇ ಸಾಲು ಬರೆದೆ: "ನಿಮ್ಮ ಬೀದಿಯಲ್ಲಿ ಇವತ್ತು ನೀರು ಎಷ್ಟು ಹೊತ್ತಿಗೆ ಬಂತು?" ಮಧ್ಯಾಹ್ನದ ಹೊತ್ತಿಗೆ ಉತ್ತರಗಳು ಸಾಲುಗಟ್ಟಿದವು. ಕೆಲವರಿಗೆ ಬೆಳಗಿನ ಜಾವ, ಕೆಲವರಿಗೆ ಬರಲೇ ಇಲ್ಲ, ಒಬ್ಬರಿಗೆ ಕೆಂಪು ನೀರು. ನಾನು ಆ ಬೀದಿಗಳಿಗೆ ಹೋಗಿ, ನಲ್ಲಿ ತಿರುಗಿಸಿ ನೋಡಿ, ಎಂಜಿನಿಯರರನ್ನು ಕೇಳಿ ಬರೆದೆ. ಅದು ಮೊದಲ ಪುಟದಲ್ಲಿ ಬಂತು. ಸಂಪಾದಕರು ನನ್ನ ಮೇಜಿನ ಹತ್ತಿರ ನಿಂತು, "ನೋಡಿದ್ರಾ?" ಅಂದರು. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲೇ ಮುಂದಿನ ಎಡವಟ್ಟು ಮಾಡಿದೆ.

ಮಂಡಿ ಮೊಹಲ್ಲಾದ ಸಗಟು ಅಂಗಡಿಗಳ ಸಾಲಿನ ಹಿಂದೆ ಒಂದು ಓಣಿ ಇದೆ. ಅಲ್ಲಿ ಒಬ್ಬ ಹಿರಿಯರು ಕಲಾಯಿ ಹಾಕುತ್ತಿದ್ದರು. ಹಿತ್ತಾಳೆ, ತಾಮ್ರದ ಪಾತ್ರೆಗಳ ಒಳಗೆ ತವರದ ಲೇಪ ಕೊಡುವ ಕೆಲಸ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಕಾಯಿಸಿದರೆ ಕಿಲುಬು ಹತ್ತುತ್ತದೆ. ನಮ್ಮ ಅಮ್ಮನ ಕಾಲದಲ್ಲಿ ಪ್ರತಿ ಮನೆಯವರಿಗೂ ಕಲಾಯಿಯವರು ಬೇಕಿತ್ತು, ಸ್ಟೀಲ್ ಬಂದ ಮೇಲೆ ಮರೆತರು. ಬೇರೆ ಸುದ್ದಿಗೆ ಹೋದವಳು ಹೊಗೆಯ ವಾಸನೆಗೆ ನಿಂತೆ. ಇದ್ದಿಲ ಒಲೆಯ ಮೇಲೆ ದೊಡ್ಡ ಕೊಳಗ ಕಾದಿತ್ತು. ಅವರು ಪಾತ್ರೆಯ ಕೊಳೆ ಬಿಡಿಸುವ ನವಸಾಗರದ ಪುಡಿ ಎರಚಿದರು, ಬಿಳಿ ಹೊಗೆ ಬುಸ್ಸೆಂದು ಎದ್ದಿತು, ತವರದ ಕಡ್ಡಿ ತಾಗಿಸಿ ಹತ್ತಿಯಿಂದ ಒಂದು ಸುತ್ತು ಒರೆಸಿದರು. ಕಪ್ಪು ಪಾತ್ರೆಯ ಒಳಗೆ ಬೆಳ್ಳಿ ಹರಿದ ಹಾಗಾಯಿತು. ನಾನು ಫೋನ್ ಹಿಡಿದು ಇಪ್ಪತ್ತು ನಿಮಿಷ ಅದನ್ನು ತೆಗೆದೆ. ಅವರು ಮಾತಾಡುತ್ತಲೇ ಇದ್ದರು.

ಆಫೀಸಿಗೆ ಬಂದು ಅದನ್ನು ಒಂದು ನಿಮಿಷಕ್ಕೆ ಇಳಿಸಿದೆ. ಚಿಕ್ಕದಿದ್ದರೆ ಮಾತ್ರ ಜನ ನೋಡುತ್ತಾರೆ ಎಂದು ಅಷ್ಟರಲ್ಲಿ ಕಲಿತಿದ್ದೆ. ಮೇಲೆ ಒಂದು ಸಾಲು ಬರೆದೆ: "ಮೈಸೂರಿನ ಕೊನೆಯ ಕಲಾಯಿಯವರು."

ಯಾಕೆ ಹಾಗೆ ಬರೆದೆ? ಯಾರೂ ನನಗೆ ಹಾಗೆ ಹೇಳಿರಲಿಲ್ಲ. ನಾವು ಪತ್ರಿಕೆಯವರಿಗೆ 'ಕೊನೆಯ' ಎಂಬ ಮಾತು ಬಲು ಇಷ್ಟ. ಕೊನೆಯ ಕುಂಬಾರ, ಕೊನೆಯ ಟೈಪಿಸ್ಟ್. ಓದುವವರ ಎದೆ ಒಂದಿಷ್ಟು ಕರಗುತ್ತದೆ, ನಮ್ಮ ಕೆಲಸ ಸುಲಭವಾಗುತ್ತದೆ.

ಆ ಒಂದು ನಿಮಿಷ ಕಾಳ್ಗಿಚ್ಚಿನಂತೆ ಹಬ್ಬಿತು. ನಾನು ಹಲ್ಲುಜ್ಜುವಾಗಲೂ ಫೋನ್ ನೋಡತೊಡಗಿದೆ. ಗೊತ್ತಿಲ್ಲದವರು ಕಣ್ಣೀರಿನ ಚಿತ್ರ ಹಾಕುತ್ತಿದ್ದರು. "ನಮ್ಮ ಸಂಸ್ಕೃತಿ ಮುಗಿಯಿತು" ಎಂದು ಬರೆದರು. ಗಂಡ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟು, "ಮೊದಲು ತಿನ್ನು, ಆಮೇಲೆ ಪ್ರಸಿದ್ಧಳಾಗು," ಅಂದರು.

ಮೂರನೆಯ ದಿನ ಒಂದು ಪ್ರತಿಕ್ರಿಯೆ ಬಂತು. ಬರೆದವಳು ಬನ್ನಿಮಂಟಪದ ಹೆಂಗಸು. "ಮೇಡಮ್, ನಮ್ಮಪ್ಪನೂ ಕಲಾಯಿ ಹಾಕ್ತಾರೆ. ನಮ್ಮಂಗಡಿ ಮುಚ್ಚಿಲ್ಲ. ನೀವು ಹಿಂಗೆ ಬರ್ದಿದ್ದಕ್ಕೆ ನಮ್ಮ ಗಿರಾಕಿ ಹೋಗ್ಬುಟ್ರು."

ಅದರ ಕೆಳಗೇ ಇನ್ನೊಬ್ಬ ಯಾರೋ ಬರೆದಿದ್ದ: "ಪೇಪರ್‌ನೋರು ಅಂದ್ರೆ ಇಷ್ಟೇ. ಸುಳ್ಳಿನ ಕಂತೆ." ಅದರ ಕೆಳಗೆ ಇನ್ನೂ ಹತ್ತು ಜನ. ನಾನು ಹೆದರಿದ್ದು ಇದಕ್ಕೇ. ಆದರೆ ಈಗ ಒಂದು ವ್ಯತ್ಯಾಸವಿತ್ತು. ನನ್ನ ಗೆಳತಿ ತಪ್ಪು ಮಾಡಿರಲಿಲ್ಲ, ನಾನು ಮಾಡಿದ್ದೆ.

ಏನೂ ತೋಚದೆ ಸೀದಾ ಮಂಡಿ ಮೊಹಲ್ಲಾಕ್ಕೆ ಹೋದೆ. ಹಿರಿಯರು ನನ್ನನ್ನು ಕಂಡವರೇ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟರು.

"ಬನ್ನಿ ಮೇಡಮ್ಮೋರೆ. ಎಂಗೆ ಬರ್ದ್ಬುಟ್ರಿ ಅಂಗೆ? ಜನ ನನ್ನ ನೋಡಕ್ಕೆ ಬತ್ತಾವ್ರೆ, ಫೋಟೋ ತಕ್ಕೋತಾವ್ರೆ, ಹೋಯ್ತಾವ್ರೆ. ಒಬ್ರೂ ಒಂದು ಚೊಂಬು ತಂದಿಲ್ಲ. ಅದು ಹೋಗ್ಲಿ ಬುಡಿ. ಇದಕ್ಕೇನ್ ಹೇಳ್ತೀರಾ?"

ಮೂಲೆಯಲ್ಲಿ ಆರೇಳು ದೊಡ್ಡ ಕೊಪ್ಪರಿಗೆಗಳಿದ್ದವು. ಮದುವೆ ಅಡುಗೆಯ ಗುತ್ತಿಗೆ ಹಿಡಿಯುವವರೊಬ್ಬರು ತಂದಿಳಿಸಿ ಹೋಗಿದ್ದರಂತೆ. ಹಿರಿಯರು ಒಂದು ಕೊಪ್ಪರಿಗೆಯನ್ನು ವಾಲಿಸಿ ಒಳಗೆ ಬೆರಳಾಡಿಸಿದರು.

"ಈ ಒರೆಸಿರೋ ರೀತಿ ನೋಡಿ, ಎಡಗಡೆಯಿಂದ ಸುತ್ತಿರೋದು. ಇದು ನನ್ ಕೈ ಅಲ್ಲ. ಬನ್ನಿಮಂಟಪದೋರ ಕೆಲ್ಸ. ಅವ್ರ ಗಿರಾಕಿ ಇವ್ರು. ಅಂಗಡಿ ಮುಚ್ಚೋಯ್ತು ಅಂತ ನಿಮ್ ವಿಡಿಯೋ ನೋಡಿ ಇಲ್ಲಿಗೆ ತಂದವ್ರೆ. ನಾನ್ ಮಾಡಲ್ಲ ಅಂದ್ಬುಟ್ಟೆ. ಇವತ್ತೇ ಸಂಜೆ ವಾಪಸ್ ತಕೊಂಡೋಗ್ತಾರೆ."

"ನೀವು ಬೇರೆಯವರೂ ಇದ್ದಾರೆ ಅಂತ ನನಗೆ ಹೇಳಬಹುದಿತ್ತಲ್ಲ," ಅಂದೆ. ಹೇಳುವಾಗಲೇ ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಅವರು ನನ್ನ ಮುಖವನ್ನೇ ನೋಡಿದರು. "ಹೇಳ್ದೆನಲ್ಲಾ."

ಅಲ್ಲೇ ಅವರ ಪಕ್ಕದ ಮೊಳಕಾಲೆತ್ತರದ ಮಣೆಯ ಮೇಲೆ ಕೂತು ಫೋನ್ ತೆಗೆದು ಇಪ್ಪತ್ತು ನಿಮಿಷದ ಪೂರ್ತಿ ವಿಡಿಯೋ ಓಡಿಸಿ ನೋಡಿದೆ. ಹನ್ನೊಂದನೆಯ ನಿಮಿಷದಲ್ಲಿ ಅವರ ದನಿ, ಸ್ಪಷ್ಟವಾಗಿ: "ನಾವೊಂದು ನಾಲ್ಕೈದು ಮನೆ ಇನ್ನೂ ಮಾಡ್ತಾ ಇದ್ದೀವಿ ಮೇಡಮ್ಮೋರೆ, ಬನ್ನಿಮಂಟಪದಲ್ಲಿ ಒಬ್ರವ್ರೆ, ನನಗಿಂತ ಚೆನ್ನಾಗಿ ಮಾಡ್ತಾರೆ." ಹಿಂದೆಯೇ ನನ್ನ ದನಿ: "ಹೌದಾ? ಸ್ವಲ್ಪ ಈ ಕಡೆ ತಿರುಗ್ತೀರಾ, ಬೆಳಕು ಸಾಲ್ತಿಲ್ಲ."

ಅವರು ಹೇಳಿದ್ದರು. ನಾನು ಕೇಳಿಸಿಕೊಂಡಿರಲಿಲ್ಲ. ಕೇಳಿಸಿಕೊಳ್ಳದ್ದನ್ನು ಕತ್ತರಿಸಿಯೂ ಹಾಕಿದ್ದೆ. ಮುಖ ಎತ್ತಲಾಗಲಿಲ್ಲ. ಹಿರಿಯರೇ ನೀರಿನ ಲೋಟ ಮುಂದೆ ಹಿಡಿದರು. "ಕುಡೀರಿ. ಆಗಿದ್ದಾಗೋಯ್ತು. ಬನ್ನಿಮಂಟಪದ ಆಯಮ್ಮನಿಗೆ ಒಂದ್ ಮಾತು ಹೇಳ್ಬುಟ್ಟು ಬನ್ನಿ."

ಆಫೀಸಿನಲ್ಲಿ ಸಂಪಾದಕರು, "ಅಳಿಸಿಬಿಡಿ. ಎರಡು ದಿನದಲ್ಲಿ ಜನ ಮರೀತಾರೆ," ಅಂದರು. ನನ್ನ ಒಳ್ಳೆಯದಕ್ಕೇ ಹೇಳಿದ್ದು. ನನಗೂ ಅದೇ ಬೇಕಿತ್ತು. ಆದರೂ ಅಳಿಸುವ ಮುಂಚೆ ಟೀಚರ್‌ಗೆ ಒಂದು ಫೋನ್ ಮಾಡಿದೆ.

ಅವರು ಎಲ್ಲ ಕೇಳಿಸಿಕೊಂಡರು. ಆಮೇಲೆ ಅಂದರು, "ನಾನು ನಿಮ್ಮ ಪೇಪರ್‌ಗೆ ಎಷ್ಟು ಪತ್ರ ಬರೆದಿದ್ದೀನೋ ಲೆಕ್ಕ ಇಟ್ಟಿಲ್ಲ. ತಪ್ಪು ಮೊದಲನೇ ಪುಟದಲ್ಲಿ ದಪ್ಪಕ್ಷರದಲ್ಲಿ ಬರೋದು. ತಿದ್ದುಪಡಿ ಏಳನೇ ಪುಟದ ಮೂಲೆಯಲ್ಲಿ, ಇರುವೆ ಗಾತ್ರದಲ್ಲಿ. ನನಗೆ ಅದೊಂದೇ ಸಿಟ್ಟು ಇದ್ದದ್ದು ಕಣಮ್ಮ. ಈಗ ನಿನ್ನ ಕೈಯಲ್ಲಿ ಇದೆಯಲ್ಲ, ತಪ್ಪು ಎಷ್ಟು ದೊಡ್ಡದಾಗಿ ಹೇಳಿದ್ಯೋ ಅಷ್ಟೇ ದೊಡ್ಡದಾಗಿ ಸರಿ ಹೇಳೋಕೆ. ಯಾಕೆ ಅಳಿಸ್ತೀಯಾ?"

ಅಳಿಸಲಿಲ್ಲ. ಮಾರನೆಯ ದಿನ ಮೊದಲು ಬನ್ನಿಮಂಟಪಕ್ಕೆ ಹೋದೆ.

ಒಂದು ಹಳೆಯ ಮನೆಯ ಮುಂದಿನ ತಗಡಿನ ಚಪ್ಪರವೇ ಅವರ ಅಂಗಡಿ. ತಂದೆ ಕಟ್ಟೆಯ ಮೇಲೆ ಕೂತಿದ್ದರು. ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಿದ್ದರು, ಬೆರಳುಗಳು ಮಡಚಿಕೊಂಡೇ ಇದ್ದವು. ಮಗಳು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಗುಂಡಿ ಪಾತ್ರೆಯನ್ನು ತಿರುಗಿಸುತ್ತಿದ್ದಳು. ಮೂವತ್ತೈದರ ಆಸುಪಾಸು. ಸೀರೆಯ ಸೆರಗನ್ನು ತಲೆಗೆ ಬಿಗಿದು, ಮೂಗಿಗೆ ಟವಲ್ ಕಟ್ಟಿಕೊಂಡಿದ್ದಳು. ಎಡಗೈಯಲ್ಲಿ ಹತ್ತಿ ಹಿಡಿದು, ಎಡಗಡೆಯಿಂದ ಒಂದೇ ಸುತ್ತು. ಪಾತ್ರೆ ಬೆಳಗಿತು.

ನಾನು ಯಾರೆಂದು ಹೇಳಿದೆ. ತಪ್ಪಾಯಿತು ಅಂದೆ.

ಅವಳು ಟವಲ್ ಕೆಳಗೆ ಸರಿಸಿದಳು. "ಕೊಪ್ಪರಿಗೆಯೋರು ನೆನ್ನೆ ವಾಪಸ್ ಬಂದ್ರು. ಮಂಡಿ ಮೊಹಲ್ಲಾದ ತಾತ ಬೈದು ಕಳ್ಸಿದ್ರಂತೆ. ಅವ್ರು ದೊಡ್ಡೋರು. ನೀವು ಇಲ್ಲಿಗಂಟ ಬತ್ತೀರಾ ಅಂತ ನಾನು ಅಂದ್ಕೊಂಡಿರ್ಲಿಲ್ಲ."

"ನಿಮ್ಮ ತಂದೆಯವರ ಕೆಲಸನ ವಿಡಿಯೋ ಮಾಡಿ ಹಾಕ್ತೀನಿ. ತಪ್ಪಾಗಿದೆ ಅಂತಾನೂ ಬರೀತೀನಿ."

ತಂದೆ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಅರ್ಥವಾಯಿತು, ನಾನು ಎರಡನೆಯ ಸಲ ಎಡವಲಿದ್ದೆ ಎಂದು. ಈ ಸಲ ಸುಮ್ಮನೆ ಕೂತು ಕಾದೆ.

ತಂದೆಯೇ ಮಾತು ತೆಗೆದರು. "ಆರ್ ವರ್ಸ ಆಯ್ತು ತಾಯಿ, ನನ್ ಕೈ ಬಿದ್ದೋಗಿ. ಅವತ್ತಿಂದ ಎಲ್ಲಾ ಇವಳೇ ಮಾಡಾದು. ಗಿರಾಕಿಗೆ ಹೇಳಿಲ್ಲ. ಹೆಂಗಸು ಕಲಾಯಿ ಹಾಕ್ತಾಳೆ ಅಂದ್ರೆ ಪಾತ್ರೆ ಕೊಡ್ತಾರಾ? ಅಪ್ಪ ಮಾಡ್ತವ್ರೆ ಅಂತೀವಿ. ಯಾರಾದ್ರೂ ಬಂದ್ರೆ ನಾನು ಒಲೆ ಮುಂದೆ ಕೂತ್ಕೋತೀನಿ."

ನನ್ನೊಳಗಿನ ವರದಿಗಾರ್ತಿ ಥಟ್ಟನೆ ಎದ್ದು ಕೂತಳು. ಇದು ಸುದ್ದಿ, ದೊಡ್ಡ ಸುದ್ದಿ. ಆದರೆ ಮೊನ್ನೆಮೊನ್ನೆ ಒಂದೇ ಪದದಿಂದ ಈ ಮನೆಯ ಗಿರಾಕಿಯನ್ನು ಕಳಿಸಿದವಳು ನಾನು. ಫೋನ್ ಚೀಲದೊಳಗೇ ಇರಲಿ ಎಂದುಕೊಂಡೆ.

"ನೀವು ಹೇಳು ಅಂದ್ರೆ ಮಾತ್ರ ಹೇಳ್ತೀನಿ," ಅಂದೆ. "ಬೇಡ ಅಂದ್ರೆ ಬನ್ನಿಮಂಟಪದಲ್ಲೂ ಕಲಾಯಿ ಅಂಗಡಿ ಇದೆ ಅಂತಷ್ಟೇ ಬರೀತೀನಿ. ಬೇಕಾದ್ರೆ ಮುಖ ಕಾಣದ ಹಾಗೆ ಬರೀ ಕೈ ತೋರಿಸಬಹುದು. ಯೋಚನೆ ಮಾಡಿ."

ಅವಳು ಎರಡು ದಿನ ಯೋಚಿಸಿದಳು. ಆ ಎರಡು ದಿನ ನಾನು ಸುಮ್ಮನೆ ಕೂರಲಿಲ್ಲ. ನನ್ನ ತಿದ್ದುಪಡಿ ಬರೆದೆ. ವಿಡಿಯೋದ ಹನ್ನೊಂದನೆಯ ನಿಮಿಷವನ್ನು, ನನ್ನ ದನಿಯನ್ನೂ ಬಿಡದೆ, ಹಾಗೇ ಹಾಕಿದೆ. "ಇವರು ನನಗೆ ನಿಜ ಹೇಳಿದ್ದರು. ನಾನು ಬೆಳಕು ನೋಡುತ್ತಿದ್ದೆ, ಮಾತು ಕೇಳಲಿಲ್ಲ. ಮೈಸೂರಿನಲ್ಲಿ ಇವರೊಬ್ಬರೇ ಅಲ್ಲ. ತಪ್ಪು ನನ್ನದು. ನಿಮಗೆ ಗೊತ್ತಿರುವ ಕಲಾಯಿಯವರು ಎಲ್ಲಿದ್ದಾರೆ, ಹೇಳಿ," ಎಂದು ಬರೆದು ಒತ್ತಿದೆ. ಫೋನನ್ನು ಮೇಜಿನ ಮೇಲೆ ಮಗುಚಿ ಹಾಕಿ ಕ್ಯಾಂಟೀನಿಗೆ ಹೋಗಿ ಒಂದು ಕಾಫಿ ಕುಡಿದೆ. ಸಾಲದೆ ಇನ್ನೊಂದು ಕುಡಿದೆ.

ಬಂದು ನೋಡಿದರೆ ಬೈಗುಳ ಇರಲಿಲ್ಲ ಅಂತಲ್ಲ. ಒಂದೆರಡಿದ್ದವು. ಆದರೆ ಸುಳ್ಳಿನ ಕಂತೆ ಎಂದು ಬರೆದಿದ್ದನಲ್ಲ, ಅವನೇ ಬರೆದಿದ್ದ: "ಪೇಪರ್‌ನೋರು ತಪ್ಪಾಯ್ತು ಅಂದಿದ್ದನ್ನ ಮೊದಲನೇ ಸಲ ನೋಡ್ತಿದ್ದೀನಿ. ನಮ್ಮ ಮನೆ ಹಿಂದುಗಡೆ ಒಬ್ರು ಇದ್ದಾರೆ, ಸಂಜೆ ಹೊತ್ತು ಮಾತ್ರ ಮಾಡ್ತಾರೆ." ಅವನ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಯಾರೋ ಅಜ್ಜಿ ತಮ್ಮ ಅಟ್ಟದ ಮೇಲಿನ ಹಂಡೆಗಳ ಫೋಟೋ ಹಾಕಿ, ಮನೆಗೇ ಬಂದು ಮಾಡಿಕೊಡುವವರು ಇದ್ದಾರೆಯೇ ಎಂದು ಕೇಳಿದ್ದರು. ಮಂಡಿ ಮೊಹಲ್ಲಾದವರೊಬ್ಬರು ಹಿರಿಯರ ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ತಾವೇ ಉತ್ತರಿಸಿದ್ದರು. ನಾನು ಒಬ್ಬೊಬ್ಬರಿಗೂ ಬರೆದೆ. ಹೇಳಿದ ಜಾಗಗಳಿಗೆಲ್ಲ ಹೋಗಿ ಕಣ್ಣಾರೆ ಕಂಡೇ ಪಟ್ಟಿಗೆ ಸೇರಿಸಿದೆ. ಒಟ್ಟು ಏಳು ಅಂಗಡಿ ಸಿಕ್ಕವು. ಒಂದು ಬಾಗಿಲು ಮುಚ್ಚಿತ್ತು. ಪಕ್ಕದವರನ್ನು ಕೇಳಿದರೆ, ಮಗಳ ಬಾಣಂತನಕ್ಕೆ ಹೋಗಿದ್ದಾರೆ, ಬರುತ್ತಾರೆ ಅಂದರು. ಅದನ್ನೂ ಹಾಗೇ ಬರೆದೆ.

ಮೂರನೆಯ ಬೆಳಿಗ್ಗೆ ಬನ್ನಿಮಂಟಪದಿಂದ ಫೋನ್ ಬಂತು.

"ಮೇಡಮ್, ತೋರ್ಸಿ. ಆದ್ರೆ ಬರೀ ಕೈ ಬೇಡ."

"ಯಾಕೆ?"

"ಬರೀ ಕೈ ತೋರ್ಸುದ್ರೆ ಅದೂ ಅಪ್ಪಂದೇ ಅಂದ್ಕೋತಾರೆ. ಮುಖನೇ ತೋರ್ಸಿ."

ಆ ವಿಡಿಯೋ ನಾಲ್ಕು ನಿಮಿಷವಾಯಿತು. ಚಿಕ್ಕದು ಮಾಡಲು ನನಗೆ ಮನಸ್ಸು ಬರಲಿಲ್ಲ. ಹಾಕುವ ಮುಂಚೆ ಅವಳಿಗೂ ಅವಳ ತಂದೆಗೂ ಎರಡು ಸಲ ತೋರಿಸಿದೆ. ತಂದೆ ಒಂದೇ ಕಡೆ ತಡೆದರು. "ಇಲ್ಲಿ ಅವಳು ಅಪ್ಪನೇ ನನ್ನ ಗುರು ಅಂದವ್ಳೆ. ನಾನೇನೂ ಕಲಿಸ್ಲಿಲ್ಲ. ಪಕ್ದಲ್ಲಿ ಕೂತು ನೋಡಿ ಕಲ್ತ್ಕೊಂಡ್ಳು. ಅದನ್ನ ಸರಿ ಮಾಡಿ." ಅವರ ಆ ಮಾತನ್ನೂ ಸೇರಿಸಿದೆ.

ಹಾಕಿದ ದಿನ ನನಗೆ ಅಂಜಿಕೆ ಇತ್ತು. ಗಿರಾಕಿಗಳು ಉಳಿದಾರೇ, ಅವಳ ಬಗ್ಗೆ ಯಾರಾದರೂ ಕೆಟ್ಟದಾಗಿ ಬರೆದಾರೇ ಎಂದು. ಒಬ್ಬ ಬರೆದ, "ಹೆಂಗಸಿನ ಕೆಲಸ ಬಾಳಿಕೆ ಬರುತ್ತಾ?" ನಾನು ಉತ್ತರ ಯೋಚಿಸುತ್ತಿರುವಾಗಲೇ ಮದುವೆ ಅಡುಗೆಯ ಆ ಗುತ್ತಿಗೆದಾರರು ಬರೆದಿದ್ದರು: "ಆರು ವರ್ಷದಿಂದ ನಮ್ಮ ಕೊಪ್ಪರಿಗೆ ಈಕೆಯ ಕೈಯಲ್ಲೇ ಆಗಿದೆ ಅಂತ ಇವತ್ತು ಗೊತ್ತಾಯ್ತು. ಒಂದು ದಿನವೂ ದೂರು ಬಂದಿಲ್ಲ." ಅದನ್ನು ಓದಿ ನಾನು ಆಫೀಸಿನಲ್ಲೇ ಜೋರಾಗಿ ನಕ್ಕೆ. ಸಂಪಾದಕರು ಬಂದು ಕನ್ನಡಕ ಏರಿಸಿಕೊಂಡು ಓದಿದರು. "ಇದನ್ನ ಅಳಿಸಿ ಅಂದಿದ್ದೆ ಅಲ್ವಾ ನಾನು," ಎಂದು ತಾವೇ ಹೇಳಿಕೊಂಡು ಹೋದರು. ಭಾನುವಾರದ ಪತ್ರಿಕೆಯಲ್ಲಿ ಏಳು ಅಂಗಡಿಗಳ ಪಟ್ಟಿ, ಅವಳ ದೊಡ್ಡ ಫೋಟೋ. ಪಕ್ಕದಲ್ಲಿ ಅಷ್ಟೇ ದಪ್ಪಕ್ಷರದಲ್ಲಿ ನನ್ನ ತಿದ್ದುಪಡಿ. ಅದನ್ನು ಅಲ್ಲೇ ಹಾಕಬೇಕೆಂದು ನಾನು ಹಟ ಹಿಡಿದಿದ್ದೆ.

ಯಾದವಗಿರಿಯಿಂದ ಆ ಮಧ್ಯಾಹ್ನ ಒಂದು ಸಂದೇಶ ಬಂತು: "ಓದಿದೆ. ಪಟ್ಟಿಯಲ್ಲಿ ಐದನೆಯ ಅಂಗಡಿಯ ರಸ್ತೆಯ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದೆ. ಉಳಿದದ್ದೆಲ್ಲ ಚೆನ್ನಾಗಿದೆ." ಕಾಗುಣಿತ ತಿದ್ದಿ, ಧನ್ಯವಾದ ಹೇಳಿದೆ.

ಮಂಡಿ ಮೊಹಲ್ಲಾದ ಹಿರಿಯರಿಗೆ ನಾನು ಕ್ಷಮೆ ಕೇಳಿದ ಬಗೆ ಹಿಡಿಸಿತೋ ಇಲ್ಲವೋ ಗೊತ್ತಿಲ್ಲ. ನಮ್ಮ ಅಮ್ಮನ ಎರಡು ಹಿತ್ತಾಳೆ ತಪ್ಪಲೆಗಳನ್ನು ಅವರಲ್ಲಿಗೆ ಒಯ್ದೆ. ಹರಳೆಣ್ಣೆ ಡಬ್ಬದ ಪಕ್ಕ ಅಟ್ಟದಲ್ಲಿ ಬಿದ್ದಿದ್ದವು. ಅವರು ಬೆಳಗಿಸಿ ಕೊಟ್ಟು, "ಈಗ ಸಾರು ಕಾಯ್ಸಿ ನೋಡಿ. ಫೋಟೋ ಹಾಕ್ಬೇಡಿ, ತಿನ್ನಿ," ಅಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ.

ಇದೆಲ್ಲ ಆಗಿ ಒಂದು ವರ್ಷದ ಮೇಲಾಯಿತು. ನಾನು ಈಗಲೂ ದಿನಾ ಬೆಳಿಗ್ಗೆ ಅರ್ಧ ಗಂಟೆ ಜಾಲತಾಣದಲ್ಲಿ ಕೂರುತ್ತೇನೆ. ಹೆಚ್ಚಿನ ದಿನ ಬರೆಯುವುದಕ್ಕಿಂತ ಓದುವುದೇ ಜಾಸ್ತಿ. ಮೊದಲಿನಷ್ಟು ಹೆದರಿಕೆ ಇಲ್ಲ. ಬೈಯುವವರು ಇದ್ದಾರೆ, ಅವರ ನಡುವೆಯೇ ಸರಿ ಹೇಳುವವರೂ ಇದ್ದಾರೆ. ಆ ಎರಡನೆಯವರಿಗಾಗಿ ಹೋಗುತ್ತೇನೆ.

ಹೋದ ತಿಂಗಳು ಬನ್ನಿಮಂಟಪದವಳು ತನ್ನದೇ ಒಂದು ಪುಟ ತೆರೆದಳು. ನನಗೆ ಹೇಳಲೂ ಇಲ್ಲ, ಕೇಳಲೂ ಇಲ್ಲ. ಬೇರೆ ಯಾರೋ ಹಂಚಿಕೊಂಡಿದ್ದನ್ನು ನೋಡಿ ನನಗೆ ತಿಳಿದದ್ದು. ಫೋನನ್ನು ಇಟ್ಟಿಗೆಗೆ ಒರಗಿಸಿ ತೆಗೆದದ್ದಿರಬೇಕು, ಚಿತ್ರ ಸ್ವಲ್ಪ ವಾಲಿದೆ. ಅವಳು ಒಲೆಯ ಮುಂದೆ ಕೂತು, ಕಲಾಯಿ ಒಳ್ಳೆಯದೋ ಕಳಪೆಯೋ ಎಂದು ಮನೆಯಲ್ಲೇ ಹೇಗೆ ಪರೀಕ್ಷಿಸಬೇಕು ಎಂದು ವಿವರಿಸುತ್ತಾಳೆ. ಬಿಡಿಸಿ ಹೇಳುವ ರೀತಿ ನನ್ನ ವರದಿಗಿಂತ ಚೆನ್ನಾಗಿದೆ. ಕೆಳಗೆ ಜನ ಪ್ರಶ್ನೆ ಕೇಳಿದ್ದಾರೆ, ಅವಳು ಪ್ರತಿಯೊಂದಕ್ಕೂ ಉತ್ತರ ಬರೆದಿದ್ದಾಳೆ. ನಾನೂ ಸಾಲಿನಲ್ಲಿ ನಿಂತು ಒಂದು ಪ್ರಶ್ನೆ ಕೇಳಿದೆ: ಮಂಡಿ ಮೊಹಲ್ಲಾದಲ್ಲಿ ಕಲಾಯಿ ಹಾಕಿಸಿದ ತಪ್ಪಲೆಯನ್ನು ಹುಣಸೆಹಣ್ಣಿನಿಂದ ತಿಕ್ಕಿದರೆ ಲೇಪ ಬೇಗ ಹೋಗುತ್ತದೆಯೇ?

ಸಂಜೆಯೊಳಗೆ ಉತ್ತರ ಬಂತು. "ಜೋರಾಗಿ ತಿಕ್ಕಬೇಡಿ ಮೇಡಮ್, ಮೆತ್ತನೆ ಬಟ್ಟೆ ಸಾಕು. ತಪ್ಪಲೆ ಒಂದ್ಸಲ ಇಲ್ಲಿಗೂ ತನ್ನಿ."